ಹೊಳೆ ಒಂದೇ, ಹುಂಡಿಯೂ ಒಂದಾಗಲಿ

ದಕ್ಷಿಣ ಪಿನಾಕಿನಿಯ ದಂಡೆಯವರಿಗೆ, ಬೆಂಗಳೂರಿನ ಪೂರ್ವ ಭಾಗದ ನಿವಾಸಿಗಳಿಗೆ, ಗಡಿಯಾಚೆಯ ಹೊಸೂರು ಸೀಮೆಯ ಬಂಧುಗಳಿಗೆ ಒಂದು ಮನವಿ



ಬೆಳಗಿನ ಆರು ಗಂಟೆಗೆ ಸರ್ಜಾಪುರದ ಹತ್ತಿರದ ಮುಗಳೂರು ಸೇತುವೆ ಮೇಲೆ ನಿಂತು ಕೆಳಗೆ ನೋಡಿ. ಹೊಳೆ ಕಪ್ಪಗೆ ಹರಿಯುತ್ತಿರುತ್ತದೆ. ನೀರು ಬಂಡೆಗೆ ಬಡಿದ ಕಡೆಯೆಲ್ಲ ಹತ್ತಿ ಮೂಟೆ ಒಡೆದ ಹಾಗೆ ನೊರೆ. ಗಾಳಿ ಎದ್ದರೆ ನೊರೆಯ ತುಣುಕು ಹಾರಿ ಬಂದು ದಂಡೆಯ ಸೊಪ್ಪಿನ ಮಡಿ ಮೇಲೆ ಕೂರುತ್ತದೆ. ಅಲ್ಲಿ ಕೊತ್ತಂಬರಿ ಕಟ್ಟು ಕಟ್ಟುವ ಹೆಣ್ಣುಮಗಳು ಸೆರಗಿನಿಂದ ಮೂಗು ಮುಚ್ಚಿಕೊಂಡೇ ಕೆಲಸ ಮಾಡುತ್ತಾಳೆ. ಆ ಕಟ್ಟು ಮಧ್ಯಾಹ್ನದೊಳಗೆ ಬೆಂಗಳೂರಿನ ತಳ್ಳುಗಾಡಿ ಮೇಲಿರುತ್ತದೆ. ರಾತ್ರಿ ನಮ್ಮ ಸಾರಿನಲ್ಲಿರುತ್ತದೆ.

ಅದೇ ನೀರು ಗಡಿ ದಾಟಿ ಹೊಸೂರಿನ ಕೆಲವರಪಳ್ಳಿ ಜಲಾಶಯ ಸೇರುತ್ತದೆ. ಜೋರು ಮಳೆಗೆ ಅಣೆಕಟ್ಟೆಯ ಬಾಗಿಲು ತೆರೆದ ದಿನ ಕೆಳಗೆ ಆಳೆತ್ತರದ ನೊರೆ ಎದ್ದು ಹೊಲಕ್ಕೂ ರಸ್ತೆಗೂ ನುಗ್ಗುತ್ತದೆ. ಆ ಜಲಾಶಯದ ನಾಲೆಗಳನ್ನು ನಂಬಿದ ಜಮೀನು ಸುಮಾರು 8,000 ಎಕರೆ. ಇನ್ನೂ ಕೆಳಗೆ ಕೃಷ್ಣಗಿರಿ ಅಣೆಕಟ್ಟೆಯನ್ನು ನಂಬಿದ ಜಮೀನು ಸುಮಾರು 9,000 ಎಕರೆ. ಅದರಾಚೆ ಸಾತನೂರು ಅಣೆಕಟ್ಟೆ, ಆಮೇಲೆ ಕಡಲೂರಿನ ಸಮುದ್ರ. ನಂದಿ ಬೆಟ್ಟದ ಸೀಮೆಯಲ್ಲಿ ತಿಳಿಯಾಗಿ ಹುಟ್ಟುವ ಹೊಳೆ ನಮ್ಮ ಊರುಗಳನ್ನು ದಾಟುವಷ್ಟರಲ್ಲಿ ಕೈ ಅದ್ದಲು ಹಿಂಜರಿಯುವಂತಾಗುತ್ತದೆ.

ಈ ಹೊಳೆಯನ್ನು ಉಳಿಸಲು ಎರಡು ರಾಜ್ಯಗಳೂ ಕೇಂದ್ರವೂ ಸೇರಿ ಒಂದೇ ನಿಧಿ ಕಟ್ಟಬೇಕು. ನಾವು ಕೇಳುತ್ತಿರುವುದು ಇಷ್ಟೇ. ಅದು ಯಾಕೆ ಬೇಕು, ಹೇಗೆ ಸಾಧ್ಯ, ನಾವೇನು ಮಾಡಬೇಕು ಎಂಬುದನ್ನು ಕೆಳಗೆ ಬರೆದಿದ್ದೇವೆ. ದಯವಿಟ್ಟು ಪೂರ್ತಿ ಓದಿ.

ನೊರೆ ಎಲ್ಲಿಂದ ಬರುತ್ತದೆ?

ನಮ್ಮ ಬಚ್ಚಲಿನಿಂದ ಬರುತ್ತದೆ. ಬೆಂಗಳೂರಿನ ಕೊಳಚೆ ಮೂರು ಕಣಿವೆಗಳಲ್ಲಿ ಇಳಿಯುತ್ತದೆ. ವೃಷಭಾವತಿ ಕಣಿವೆಯ ನೀರು ಅರ್ಕಾವತಿಗೆ ಬಿದ್ದು ಕಾವೇರಿ ಸೇರುತ್ತದೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು ಬೆಳ್ಳಂದೂರು, ವರ್ತೂರು ಕೆರೆಗಳ ಕೋಡಿ ದಾಟಿ ದಕ್ಷಿಣ ಪಿನಾಕಿನಿಗೆ ಬರುತ್ತದೆ. ಹೆಬ್ಬಾಳ ಕಣಿವೆಯ ನೀರೂ ಎಲೆಮಲ್ಲಪ್ಪ ಶೆಟ್ಟಿ ಕೆರೆಯ ದಾರಿಯಾಗಿ ಇದೇ ಹೊಳೆಗೆ ಬರುತ್ತದೆ. ಊರಿನ ಮೂರು ಕಣಿವೆಗಳಲ್ಲಿ ಎರಡರ ಭಾರ ಈ ಒಂದು ಬಡ ಹೊಳೆಯ ಹೆಗಲ ಮೇಲಿದೆ.

ಬಟ್ಟೆ ಸೋಪು, ಪಾತ್ರೆ ಸೋಪು, ನೆಲ ಒರೆಸುವ ದ್ರಾವಣಗಳಲ್ಲಿರುವ ನೊರೆಕಾರಕ ರಾಸಾಯನಿಕಗಳು ಶುದ್ಧೀಕರಣವಾಗದ ಕೊಳಚೆಯ ಜೊತೆ ಬಂದು ಕೆರೆಯ ಹೂಳಿನಲ್ಲಿ ಕೂರುತ್ತವೆ. ಮಳೆಗೆ ನೀರು ಕಲಕಿ, ಎತ್ತರದಿಂದ ಧುಮುಕಿದಾಗ ಅವೇ ನೊರೆಯಾಗಿ ಏಳುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಇದನ್ನು ಅಧ್ಯಯನ ಮಾಡಿ ಹೇಳಿದ್ದಾರೆ. 2015, 2017, 2018ರಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದದ್ದನ್ನು ಇಡೀ ಜಗತ್ತು ನೋಡಿತು. ಆ ಬೆಂಕಿಗೆ ಹೆದರಿದ ನಾವು, ಅದೇ ಕೆರೆಯ ನೀರು ಕುಡಿಯುವ ದನದ ಬಗ್ಗೆ, ಅದೇ ನೀರಲ್ಲಿ ಬೇರೂರಿದ ಟೊಮೆಟೊ ಬಗ್ಗೆ ಅಷ್ಟಾಗಿ ಯೋಚಿಸಲಿಲ್ಲ.

ಭಾರ ಇನ್ನೂ ಹೆಚ್ಚುತ್ತಿದೆ. 2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ದಿನಕ್ಕೆ 77.5 ಕೋಟಿ ಲೀಟರ್ ಹೊಸ ನೀರು ತರುವ ಯೋಜನೆ ಅದು. ವರ್ಷಗಟ್ಟಲೆ ಟ್ಯಾಂಕರ್ ಕಾದ ಬಡಾವಣೆಗಳಿಗೆ ಅದು ಬೇಕೇ ಬೇಕು. ಆದರೆ ಮನೆಗೆ ಬಂದ ನೀರಿನಲ್ಲಿ ಸುಮಾರು ಶೇ 80 ಕೊಳಚೆಯಾಗಿ ಹೊರಬೀಳುತ್ತದೆ ಎಂಬುದು ಎಂಜಿನಿಯರುಗಳು ಹಾಕುವ ಲೆಕ್ಕ. ಅದರಲ್ಲಿ ನಮ್ಮ ಎರಡು ಕಣಿವೆಗಳ ಪಾಲು ಈ ಹೊಳೆಗೇ ಇಳಿಯುತ್ತದೆ.

ಒಂದು ಬಾಟಲಿ, ಎರಡು ಕಚೇರಿ

ಈ ಕರಪತ್ರ ಬರೆದ ನಾನು ಒಮ್ಮೆ ಹೊಳೆಯ ನೀರನ್ನು ಒಂದು ಲೀಟರ್ ಬಾಟಲಿಯಲ್ಲಿ ತುಂಬಿಕೊಂಡು ಕಚೇರಿಯೊಂದಕ್ಕೆ ಹೋಗಿದ್ದೆ. ಮೇಜಿನ ಮೇಲೆ ಇಟ್ಟೆ. ಅಧಿಕಾರಿ ಒಳ್ಳೆಯವರೇ, ಕೂರಿಸಿ ಮಾತಾಡಿದರು. "ನಮ್ಮ ಕಡೆ ಶುದ್ಧೀಕರಣ ಪ್ಲಾಂಟ್‌ಗೆ ಮಂಜೂರಾತಿ ಆಗಬೇಕು, ದುಡ್ಡು ಬಂದ ಮೇಲೆ ನೋಡೋಣ. ಗಡಿ ದಾಟಿದ ಮೇಲೆ ನಮ್ಮ ವ್ಯಾಪ್ತಿಗೆ ಬರಲ್ಲ" ಅಂದರು. ಅದೇ ವಾರ ಗಡಿಯಾಚೆಯ ಇನ್ನೊಂದು ಕಚೇರಿಗೆ ಅದೇ ಬಾಟಲಿ ಒಯ್ದೆ. ಅಲ್ಲೂ ಮರ್ಯಾದೆಯಿಂದಲೇ ಮಾತಾಡಿಸಿದರು. "ಗಲೀಜು ಮೇಲಿಂದ ಬರ್ತಿದೆ, ನಾವು ಇಲ್ಲಿ ದುಡ್ಡು ಹಾಕಿ ಏನು ಪ್ರಯೋಜನ?" ಅಂದರು. ಎರಡೂ ಮಾತು ಕಾನೂನಿನ ಪ್ರಕಾರ ಸರಿಯೇ ಇರಬಹುದು. ಬಾಟಲಿ ಮಾತ್ರ ನನ್ನ ಕೈಯಲ್ಲೇ ಉಳಿಯಿತು. ಮನೆಗೆ ಬಂದು ಮುಚ್ಚಳ ತೆಗೆದರೆ ಕೊಳೆತ ಮೊಟ್ಟೆಯ ವಾಸನೆ. ನನ್ನ ತಾಯಿ ಅದನ್ನು ಹಿತ್ತಲಿನ ಗಿಡಕ್ಕೂ ಹಾಕಬೇಡ ಅಂದರು.

ಹಿತ್ತಲ ಗಿಡಕ್ಕೆ ಬೇಡವಾದ ನೀರನ್ನು ಸಾವಿರಾರು ಎಕರೆಗೆ ಹಾಯಿಸುತ್ತಿದ್ದೇವೆ. ವ್ಯಾಪ್ತಿ ಇಬ್ಭಾಗವಾಗಿದೆ, ಕಡತ ಇಬ್ಭಾಗವಾಗಿದೆ, ದುಡ್ಡೂ ಇಬ್ಭಾಗವಾಗಿದೆ. ಹೊಳೆ ಮಾತ್ರ ಒಂದೇ ಆಗಿ ಹರಿಯುತ್ತಿದೆ.

ಕೋರ್ಟಿಗೆ ಹೋದದ್ದೂ ಆಯಿತು. 2015ರಲ್ಲಿ ತಮಿಳುನಾಡು ಕಾವೇರಿ ಮತ್ತು ದಕ್ಷಿಣ ಪಿನಾಕಿನಿಯ ಮಾಲಿನ್ಯದ ವಿಚಾರವಾಗಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಬೆಳ್ಳಂದೂರಿನ ವಿಚಾರದಲ್ಲಿ 2018ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 500 ಕೋಟಿ ರೂಪಾಯಿಯನ್ನು ಪ್ರತ್ಯೇಕ ಖಾತೆಯಲ್ಲಿ ಇಡುವಂತೆ ಕರ್ನಾಟಕ ಸರ್ಕಾರಕ್ಕೆ ಹೇಳಿತು. ನ್ಯಾಯಾಲಯಗಳ ಮೇಲೆ ನಮಗೆ ಗೌರವವಿದೆ. ಆದರೆ ನ್ಯಾಯಾಲಯ ಒಬ್ಬರನ್ನು ತಪ್ಪಿತಸ್ಥರೆನ್ನಬಹುದು, ಇನ್ನೊಬ್ಬರಿಗೆ ಪರಿಹಾರ ಕೊಡಿಸಬಹುದು. ಇಬ್ಬರೂ ಕೂತು ಒಂದು ಪ್ಲಾಂಟ್ ಕಟ್ಟಿ ಇಪ್ಪತ್ತು ವರ್ಷ ನಡೆಸುವ ಕೆಲಸವನ್ನು ಸರ್ಕಾರಗಳೇ ಮಾಡಬೇಕು.

ಕಡಲು ದಾಟಿದ ದುಡ್ಡು ಗಡಿ ದಾಟಲಾರದೇ?

ಇದನ್ನು ಗಮನವಿಟ್ಟು ಓದಿ. ಬೆಂಗಳೂರಿನ ಕಾವೇರಿ ಐದನೇ ಹಂತಕ್ಕೆ ಜಪಾನಿನ ಜೈಕಾ ಸಂಸ್ಥೆ ಸಾಲ ಕೊಟ್ಟಿದೆ. ಗಡಿಯಾಚೆ ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳಿಗೆ ಫ್ಲೋರೈಡ್ ಮುಕ್ತ ನೀರು ಕೊಡುವ ಹೊಗೇನಕಲ್ ಯೋಜನೆಗೆ ಸಾಲ ಕೊಟ್ಟದ್ದೂ ಅದೇ ಜೈಕಾ. ನಾವು ಕುಡಿಯುವುದು ಕಾವೇರಿ, ಹೊಸೂರಿನವರು ಕುಡಿಯುವುದೂ ಕಾವೇರಿ. ಸಾಲಗಾರರು ಇಬ್ಬರೂ ಒಬ್ಬನಿಗೇ. ಸಾವಿರಾರು ಮೈಲಿ ಆಚೆಯ ದೇಶದ ದುಡ್ಡು ಎರಡೂ ರಾಜ್ಯಗಳ ಮನೆ ನಲ್ಲಿಗೆ ಬಂದಿದೆ. ಆದರೆ ಅದೇ ನಲ್ಲಿಯಿಂದ ಹೊರಟು ಬಚ್ಚಲು ದಾಟಿದ ನೀರನ್ನು ಶುದ್ಧ ಮಾಡಲು ಅಕ್ಕಪಕ್ಕದ ಎರಡು ರಾಜ್ಯಗಳು ಒಂದು ಖಾತೆ ತೆರೆದಿಲ್ಲ.

ನಮ್ಮ ಹಳ್ಳಿಗಳಲ್ಲಿ ಜಾತ್ರೆಗೆ ವಂತಿಗೆ ಎತ್ತುವಾಗ ಯಾವ ಊರಿನವರು, ಯಾವ ಭಾಷೆಯವರು ಅಂತ ಕೇಳುವುದಿಲ್ಲ. ತೇರು ನಡೆಯುವ ದಾರಿಯಲ್ಲಿರುವ ಎಲ್ಲ ಊರೂ ಕೊಡುತ್ತವೆ, ಉಳ್ಳವರು ಹೆಚ್ಚು ಕೊಡುತ್ತಾರೆ. ಹೊಳೆ ನಡೆಯುವ ದಾರಿಗೂ ಅದೇ ನ್ಯಾಯ ಸಾಕು.

ಬೇರೆಯವರು ಮಾಡಿ ತೋರಿಸಿದ್ದಾರೆ

ಯುರೋಪಿನ ರೈನ್ ನದಿಗೆ ಫ್ರಾನ್ಸಿನ ಅಲ್ಸೇಸ್ ಪ್ರಾಂತ್ಯದ ಪೊಟ್ಯಾಷ್ ಗಣಿಗಳು ಉಪ್ಪು ಸುರಿಯುತ್ತಿದ್ದವು. ಕೆಳಗಿನ ನೆದರ್‌ಲೆಂಡ್ಸ್‌ನಲ್ಲಿ ಹೂವು, ತರಕಾರಿ ಬೆಳೆಯುವ ತೋಟಗಾರರ ಬೆಳೆ ಕೆಡುತ್ತಿತ್ತು. ಅವರೂ ಕೋರ್ಟಿಗೆ ಹೋದರು. ಕೊನೆಗೆ 1976ರಲ್ಲಿ ನಾಲ್ಕು ದೇಶಗಳು ಕೂತು ಖರ್ಚು ಹಂಚಿಕೊಂಡವು: ನೆದರ್‌ಲೆಂಡ್ಸ್ ಶೇ 34, ಜರ್ಮನಿ ಶೇ 30, ಫ್ರಾನ್ಸ್ ಶೇ 30, ಸ್ವಿಟ್ಜರ್‌ಲೆಂಡ್ ಶೇ 6. ತೊಂದರೆ ಅನುಭವಿಸಿದ ದೇಶವೇ ಹೆಚ್ಚು ಕೊಟ್ಟಿತು. ಆ ಪ್ರಮಾಣ ನ್ಯಾಯವೇ ಎಂಬ ಬಗ್ಗೆ ವಾದವಿರಬಹುದು. ನಮ್ಮ ಹೊಳೆಯ ವಿಷಯದಲ್ಲಿ ಗಲೀಜು ಮಾಡಿದವರೇ ಮೊದಲು ಕೊಡಬೇಕು ಎನ್ನುವವರು ನಾವು. ಆದರೆ ಅವರು ಒಂದು ಲೆಕ್ಕಕ್ಕೆ ಬಂದರು, ಸಹಿ ಹಾಕಿದರು ಎಂಬುದು ದೊಡ್ಡದು. ಸಹಿ ಹಾಕಿದ್ದು ಜಾರಿಗೆ ಬರಲು 1985ರವರೆಗೆ ಎಳೆದಾಡಿದರು. 1986ರಲ್ಲಿ ಬಾಸೆಲ್ ನಗರದ ಬಳಿಯ ರಾಸಾಯನಿಕ ಗೋದಾಮಿಗೆ ಬೆಂಕಿ ಬಿದ್ದು, ವಿಷ ಹರಿದು, ರೈನ್ ಕೆಂಪಾದ ಮೇಲೆ ಎಲ್ಲರೂ ಎಚ್ಚೆತ್ತು ಮರುವರ್ಷವೇ ನದಿಗೆ ಜಂಟಿ ಕಾರ್ಯಯೋಜನೆ ಮಾಡಿದರು. ಮಾಯವಾಗಿದ್ದ ಸಾಲ್ಮನ್ ಮೀನು ಆ ನದಿಗೆ ಮರಳಿ ಬಂತು. ನಮ್ಮ ಕೆರೆಗೆ ಮೂರು ಸಲ ಬೆಂಕಿ ಬಿದ್ದಾಗಿದೆ.

ಅಮೆರಿಕ ಮತ್ತು ಮೆಕ್ಸಿಕೊ 1994ರಲ್ಲಿ ಗಡಿಯ ಕೊಳಚೆ, ಕುಡಿಯುವ ನೀರು, ಕಸದ ಕಾಮಗಾರಿಗಳಿಗೆಂದೇ ಒಂದು ಜಂಟಿ ಬ್ಯಾಂಕ್ ತೆರೆದವು. ಹೆಸರು ಉತ್ತರ ಅಮೆರಿಕ ಅಭಿವೃದ್ಧಿ ಬ್ಯಾಂಕ್. ಬಂಡವಾಳ ಅರ್ಧ ಅವರದು, ಅರ್ಧ ಇವರದು. ಒಂದು ದೇಶ ಸಿರಿವಂತ, ಇನ್ನೊಂದು ಅಷ್ಟಿಲ್ಲ. ಆಡಳಿತ ಮಂಡಳಿಯಲ್ಲಿ ಇಬ್ಬರ ಸ್ಥಾನವೂ ಸಮ. ಇದಕ್ಕೂ ಮೊದಲು 1990ರಲ್ಲಿ ಆಗಿದ್ದ ಒಪ್ಪಂದದಂತೆ, ಮೆಕ್ಸಿಕೊದ ಟಿಹುವಾನಾ ನಗರದ ಕೊಳಚೆಗೆ ಅಮೆರಿಕದ ನೆಲದಲ್ಲಿ ದಿನಕ್ಕೆ ಸುಮಾರು 9.5 ಕೋಟಿ ಲೀಟರ್ ಸಾಮರ್ಥ್ಯದ ಪ್ಲಾಂಟ್ ಕಟ್ಟಲಾಯಿತು. ತನ್ನ ಊರಲ್ಲೇ ಕಟ್ಟಿದ್ದರೆ ಎಷ್ಟಾಗುತ್ತಿತ್ತೋ ಅಷ್ಟನ್ನು ಮೆಕ್ಸಿಕೊ ಕೊಟ್ಟಿತು, ಉಳಿದದ್ದನ್ನು ಅಮೆರಿಕ ಹಾಕಿತು.

ಅಲ್ಲಿಂದ ಒಂದು ಕಹಿ ಪಾಠವೂ ಇದೆ. ಕಟ್ಟಲು ದುಡ್ಡು ಹುಟ್ಟಿತು, ನೋಡಿಕೊಳ್ಳಲು ಹುಟ್ಟಲಿಲ್ಲ. ಪಂಪು ಕೆಟ್ಟವು, ಊರು ಬೆಳೆಯಿತು, ಪ್ಲಾಂಟ್ ಸೋತಿತು, ಅಮೆರಿಕದ ಕಡಲತೀರಗಳೇ ವರ್ಷಗಟ್ಟಲೆ ಮುಚ್ಚಿದವು. 2022ರಲ್ಲಿ ಮತ್ತೆ ಕೂತು 47.4 ಕೋಟಿ ಡಾಲರ್‌ನ ಹೊಸ ಒಪ್ಪಂದ ಮಾಡಬೇಕಾಯಿತು. ಈ ಪಾಠ ನಮ್ಮ ಹಿರಿಯರಿಗೆ ಗೊತ್ತಿತ್ತು. ಈ ನಾಡಿನ ಶಾಸನಗಳನ್ನು ಓದಿದವರಿಗೆ ಗೊತ್ತು: ಕೆರೆ ಕಟ್ಟಿದವನಿಗೆ ಕಟ್ಟುಕೊಡಗೆ ಎಂಬ ದತ್ತಿ, ಕೆರೆಯ ಸಂರಕ್ಷಣೆಗೆ ಬಿತ್ತುವಟ್ಟ ಎಂಬ ದತ್ತಿ. ಕಟ್ಟುವುದರ ಜೊತೆಗೆ ಕಾಯುವುದಕ್ಕೂ ದಾರಿ ಮಾಡಿಡುತ್ತಿದ್ದರು.

ನಾವೂ ಮಾಡಿದ್ದೇವೆ

ಹೊಸಪೇಟೆಯ ಬಳಿ 1953ರಿಂದ ತುಂಗಭದ್ರಾ ಮಂಡಳಿ ಇದೆ. ಒಂದು ಅಣೆಕಟ್ಟೆ, ಬೇರೆ ಬೇರೆ ರಾಜ್ಯ, ಹಂಚಿಕೊಂಡ ಖರ್ಚು. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಇದು ಯಾರ ಗೇಟ್ ಅಂತ ಜಗಳವಾಡುತ್ತ ಕೂರಲಿಲ್ಲ. ಸುಮಾರು ಒಂದು ವಾರದಲ್ಲಿ, ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟ್ ಇಳಿಸಿದರು.

1976ರಲ್ಲಿ ಮದ್ರಾಸಿನ ಬಾಯಾರಿಕೆಗೆ ಮಹಾರಾಷ್ಟ್ರ, ಕರ್ನಾಟಕ, ಆಂಧ್ರ ತಲಾ 5 ಟಿಎಂಸಿ ಕೃಷ್ಣಾ ನೀರು ಬಿಟ್ಟುಕೊಡಲು ಒಪ್ಪಿದವು. ತೆಲುಗು ಗಂಗಾ ಹುಟ್ಟಿದ್ದು ಹಾಗೆ. ತಮಿಳುನಾಡಿನ ರಾಜಧಾನಿಗೆ ನೀರು ಕೊಡಲು ಒಪ್ಪಿದ ನಾಡು ನಮ್ಮದು. ಗಲೀಜು ತಡೆಯಲು ಒಪ್ಪಲಾರೆವೇ?

ಕಾನೂನು ಈಗಾಗಲೇ ಇದೆ

ಹೊಸ ಕಾಯ್ದೆಗೆ ಕಾಯಬೇಕಿಲ್ಲ. 1974ರ ಜಲಮಾಲಿನ್ಯ ನಿಯಂತ್ರಣ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಅಕ್ಕಪಕ್ಕದ ರಾಜ್ಯ ಸರ್ಕಾರಗಳು ಒಪ್ಪಂದ ಮಾಡಿಕೊಂಡು ಜಂಟಿ ಮಂಡಳಿ ರಚಿಸಬಹುದು. ಮಂಡಳಿಯ ವೆಚ್ಚವನ್ನು ಯಾರು ಎಷ್ಟು ಹೊರಬೇಕೆಂದು ಆ ಒಪ್ಪಂದದಲ್ಲೇ ಬರೆಯಬಹುದು. ಈ ಕಾಯ್ದೆ ಮೊದಲ ದಿನದಿಂದಲೇ ಅನ್ವಯವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಕಾಮಗಾರಿಯ ದುಡ್ಡಿಗೆ ರಾಷ್ಟ್ರೀಯ ನದಿ ಸಂರಕ್ಷಣಾ ಯೋಜನೆಯಲ್ಲಿ ಕೇಂದ್ರ ಶೇ 60, ರಾಜ್ಯ ಶೇ 40 ಹಂಚಿಕೆಯ ದಾರಿ ಇದೆ. ಬೀಗವೂ ಇದೆ, ಕೀಲಿಯೂ ಇದೆ. ತಿರುಗಿಸುವ ಕೈ ಬೇಕು.

ನಮ್ಮವರೇ ಕೇಳುವ ಪ್ರಶ್ನೆಗಳು

"ನಮ್ಮ ತೆರಿಗೆ ದುಡ್ಡು ತಮಿಳುನಾಡಿಗೆ ಯಾಕೆ?" ನೊರೆ ಗಡಿ ಮುಟ್ಟುವ ಮೊದಲು ವರ್ತೂರು, ಸರ್ಜಾಪುರ, ಮಾಲೂರು ಸೀಮೆಯನ್ನು ದಾಟುತ್ತದೆ. ಮೊದಲು ಉಸಿರು ಕಟ್ಟುವುದು ನಮಗೆ. ಹೊಸೂರಿನ ತರಕಾರಿ ಬರುವುದೂ ನಮ್ಮ ಮಾರುಕಟ್ಟೆಗೇ. ಈ ಪ್ಲಾಂಟ್‌ಗಳಿಂದ ಮೊದಲ ಲಾಭ ನಮ್ಮದು.

"ಗಲೀಜು ಅವರದು, ನಾವು ಯಾಕೆ ಕೊಡಬೇಕು?" ಇದು ಹೊಸೂರಿನ ಬಂಧುಗಳ ಪ್ರಶ್ನೆ. ನ್ಯಾಯವಾದದ್ದು. ದೊಡ್ಡ ಪಾಲು ಬೆಂಗಳೂರು ಹೊರಲೇಬೇಕು. ಆದರೆ ಹೊಸೂರು ನಗರವೂ, ಅಲ್ಲಿನ ಕೈಗಾರಿಕೆಗಳೂ ಬೆಳೆದಿವೆ. ಕೆಳಗಿನ ಕೃಷ್ಣಗಿರಿಯ ರೈತನಿಗೆ ನೀವೂ ಮೇಲಿನವರೇ. ಪಾಲು ಕೊಟ್ಟವರಿಗೆ ಲೆಕ್ಕ ಕೇಳುವ ಕುರ್ಚಿಯೂ ಸಿಗುತ್ತದೆ.

"ನೀರು ಹಂಚಿಕೆಯ ಜಗಳ ಮುಗಿಯದೆ ಇದು ಹೇಗೆ?" ಇದೇ ಹೊಳೆಯ ಉಪನದಿಯಾದ ಮಾರ್ಕಂಡೇಯದ ಯರಗೋಳ್ ಅಣೆಕಟ್ಟೆ ವಿಚಾರದಲ್ಲಿ 2018ರಲ್ಲಿ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. ಕೋಲಾರದ ಜನಕ್ಕೆ ಕುಡಿಯುವ ನೀರು ಬೇಕು. ಅದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಎಷ್ಟು ನೀರು ಎಂಬ ಜಗಳ ಬೇರೆ, ಎಂಥ ನೀರು ಎಂಬ ಕೆಲಸ ಬೇರೆ. ಈ ಒಪ್ಪಂದದಿಂದ ಯಾರ ಹಕ್ಕಿಗೂ ಧಕ್ಕೆ ಇಲ್ಲ ಎಂದು ಮೊದಲ ಸಾಲಿನಲ್ಲೇ ಬರೆಯಲಿ.

"ಕೋಲಾರಕ್ಕೆ ಹೋಗುವ ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ನೀರಿನ ಗತಿ?" ದಿನಕ್ಕೆ 44 ಕೋಟಿ ಲೀಟರ್ ಶುದ್ಧೀಕರಿಸಿದ ಕೊಳಚೆ ನೀರು ಹರಿಸುವ ಯೋಜನೆ ಅದು. 2018ರಿಂದ ಕೋಲಾರದ ಕೆರೆಗಳಿಗೆ ನೀರು ಹರಿದಿದೆ. ಮೂರನೇ ಹಂತದ ಶುದ್ಧೀಕರಣ ಬೇಕೆಂದು ಅಲ್ಲಿನ ರೈತರು ಕೇಳುತ್ತಲೇ ಬಂದಿದ್ದಾರೆ. ಕೋಲಾರದ ಕೆರೆಗೆ ಬೇಕಾದ ಶುದ್ಧ ನೀರು, ಹೊಸೂರಿನ ನಾಲೆಗೆ ಬೇಕಾದ ಶುದ್ಧ ನೀರು ಒಂದೇ ಪ್ಲಾಂಟ್‌ನಿಂದ ಬರಬೇಕು. ಈ ಬೇಡಿಕೆ ಕೋಲಾರದವರ ಬೇಡಿಕೆಯೂ ಹೌದು.

ನಮ್ಮ ಹಕ್ಕೊತ್ತಾಯಗಳು

1. 13ನೇ ಸೆಕ್ಷನ್ ಅಡಿಯಲ್ಲಿ ಕರ್ನಾಟಕ ಮತ್ತು ತಮಿಳುನಾಡು ಸರ್ಕಾರಗಳು ದಕ್ಷಿಣ ಪಿನಾಕಿನಿಗೆ ಜಂಟಿ ಮಂಡಳಿ ರಚಿಸಲಿ. ಅದರಲ್ಲಿ ಎರಡೂ ಕಡೆಯ ರೈತರು, ಮೀನುಗಾರರು, ಪಂಚಾಯಿತಿ ಸದಸ್ಯರು ಇರಲಿ.

2. ಎರಡೂ ರಾಜ್ಯಗಳ ಮತ್ತು ಕೇಂದ್ರದ ಪಾಲು ಸೇರುವ ಒಂದೇ ಜಂಟಿ ನಿಧಿ ತೆರೆಯಲಿ. ಹೆಚ್ಚು ಮಲಿನ ಮಾಡಿದವರು ಹೆಚ್ಚು ಕೊಡಲಿ. ಬಂದ ಪ್ರತಿ ರೂಪಾಯಿಯ ಲೆಕ್ಕ ಜನರೆದುರು ಇರಲಿ.

3. ಹೊಳೆಗೆ ಬೀಳುವ ಪ್ರತಿ ರಾಜಕಾಲುವೆಯ ಬಾಯಲ್ಲಿ, ಹೊಸಕೋಟೆ, ಸರ್ಜಾಪುರದಿಂದ ಹೊಸೂರಿನವರೆಗೆ, ಅಗತ್ಯವಿದ್ದಷ್ಟು ಶುದ್ಧೀಕರಣ ಘಟಕ ಬರಲಿ. ಮೂರನೇ ಹಂತದ ಶುದ್ಧೀಕರಣ ಕಡ್ಡಾಯವಾಗಲಿ.

4. ಘಟಕ ಕಟ್ಟುವ ದಿನವೇ ಅದರ ವಿದ್ಯುತ್, ರಿಪೇರಿ, ಸಿಬ್ಬಂದಿ ವೆಚ್ಚಕ್ಕೆ ಬೇರೆ ಹಣ ಕಟ್ಟಿಡಲಿ. ಅದನ್ನು ಬೇರೆ ಯಾವುದಕ್ಕೂ ಮುಟ್ಟುವಂತಿಲ್ಲ.

5. ಗಡಿಯಲ್ಲಿ ಎರಡೂ ರಾಜ್ಯಗಳ ಮಾಲಿನ್ಯ ನಿಯಂತ್ರಣ ಮಂಡಳಿಗಳು ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ, ಜನರೆದುರು ನೀರಿನ ಮಾದರಿ ತೆಗೆಯಲಿ. ಫಲಿತಾಂಶವನ್ನು ಕನ್ನಡ, ತಮಿಳು, ತೆಲುಗು ಮೂರರಲ್ಲೂ ಪಂಚಾಯಿತಿ ಬೋರ್ಡಿನಲ್ಲಿ ಬರೆಯಲಿ.

ಈಗ ನಾವು ಮಾಡಬೇಕಾದ್ದು

ಮೊದಲನೆಯದು, ಗ್ರಾಮಸಭೆ. ತಮಿಳುನಾಡಿನ ಹಳ್ಳಿಗಳಲ್ಲಿ ಮಾರ್ಚ್ 22ರ ವಿಶ್ವ ಜಲ ದಿನದಂದು ಗ್ರಾಮಸಭೆ ಸೇರುತ್ತದೆ. ಅದೇ ದಿನ ನಮ್ಮ ಪಂಚಾಯಿತಿಗಳಲ್ಲೂ ವಿಶೇಷ ಗ್ರಾಮಸಭೆ ಕರೆಯುವಂತೆ ಈಗಲೇ ಅರ್ಜಿ ಕೊಡಿ. ಗಡಿಯ ಎರಡೂ ಕಡೆ ಒಂದೇ ದಿನ, ಒಂದೇ ನಿರ್ಣಯ ಆಗಲಿ. ಅದಕ್ಕೆ ಒಂದೇ ವಾಕ್ಯ ಸಾಕು: "ದಕ್ಷಿಣ ಪಿನಾಕಿನಿಗೆ ಜಂಟಿ ಮಂಡಳಿ ಮತ್ತು ಜಂಟಿ ನಿಧಿ ಬೇಕೆಂದು ಈ ಸಭೆ ಒತ್ತಾಯಿಸುತ್ತದೆ."

ಎರಡನೆಯದು, ಮಾಹಿತಿ ಹಕ್ಕು. 10 ರೂಪಾಯಿ ಶುಲ್ಕ, ಒಂದು ಬಿಳಿ ಹಾಳೆ. ನಿಮ್ಮ ಹತ್ತಿರದ ಶುದ್ಧೀಕರಣ ಘಟಕದಿಂದ ಹೊರಬಿದ್ದ ನೀರಿನ ಕಳೆದ ಹನ್ನೆರಡು ತಿಂಗಳ ಪರೀಕ್ಷಾ ವರದಿ ಕೇಳಿ. ಬಂದ ಉತ್ತರವನ್ನು ಊರಿನ ಅರಳಿಕಟ್ಟೆಯಲ್ಲಿ ಗಟ್ಟಿಯಾಗಿ ಓದಿ.

ಮೂರನೆಯದು, ಶಾಸಕರು. ಹೊಸಕೋಟೆ, ಮಹದೇವಪುರ, ಆನೇಕಲ್, ಮಾಲೂರು ಕ್ಷೇತ್ರಗಳ ಮತದಾರರು ನಿಮ್ಮ ಶಾಸಕರಿಗೆ ಒಂದೇ ಪ್ರಶ್ನೆ ಕೇಳಿ: "ಜಂಟಿ ನಿಧಿಯ ಬಗ್ಗೆ ವಿಧಾನಸಭೆಯಲ್ಲಿ ಯಾವ ದಿನ ಮಾತಾಡುತ್ತೀರಿ?" ಹೊಸೂರು, ವೇಪನಹಳ್ಳಿಯ ಬಂಧುಗಳು ನಿಮ್ಮವರಿಗೆ ಅದನ್ನೇ ಕೇಳಿ.

ನಾಲ್ಕನೆಯದು, ಅಪಾರ್ಟ್‌ಮೆಂಟ್ ನಿವಾಸಿಗಳಿಗೆ. ನಿಮ್ಮ ಕಟ್ಟಡದ ಎಸ್‌ಟಿಪಿ (ಕೊಳಚೆ ಶುದ್ಧೀಕರಣ ಘಟಕ) ಹಗಲು ರಾತ್ರಿ ಓಡುತ್ತಿದೆಯೇ? ಇಂದೇ ಕೆಳಗಿಳಿದು ನೋಡಿ. ಒಂದು ಮೋಟರ್ ನಿಂತರೆ ಅದರ ವಾಸನೆ ಮುಗಳೂರಿಗೆ ತಲುಪುತ್ತದೆ. ಸೋಪಿನ ಪುಡಿ ಅರ್ಧ ಚಮಚ ಕಡಿಮೆ ಹಾಕಿದರೂ ಹೊಳೆಗೆ ಅಷ್ಟು ಭಾರ ಕಡಿಮೆ.

ಐದನೆಯದು, ಬಾಟಲಿ. ಮಾರ್ಚ್ 22ರ ಬೆಳಿಗ್ಗೆ ನಾವು ಮುಗಳೂರು ಸೇತುವೆಯಿಂದ ಒಂದು ಬಾಟಲಿ ನೀರು ತುಂಬಿಕೊಳ್ಳೋಣ. ಅದೇ ಬೆಳಿಗ್ಗೆ ಹೊಸೂರಿನವರು ಕೆಲವರಪಳ್ಳಿಯಿಂದ ಒಂದು ಬಾಟಲಿ ತುಂಬಿಕೊಳ್ಳಲಿ. ಗಡಿಯ ಮೇಲೆ ಒಂದು ಮೇಜು ಹಾಕಿ, ಎರಡನ್ನೂ ಅಕ್ಕಪಕ್ಕ ಇಡೋಣ. ಎರಡೂ ಕಡೆಯ ಅಧಿಕಾರಿಗಳನ್ನು, ಜನಪ್ರತಿನಿಧಿಗಳನ್ನು ಆ ಮೇಜಿಗೆ ಕರೆಯೋಣ. ನಮ್ಮ ವ್ಯಾಪ್ತಿಗೆ ಬರಲ್ಲ ಎನ್ನುವ ಮಾತನ್ನು ಆ ಮೇಜಿನ ಮುಂದೆ ಇಬ್ಬರೂ ಒಟ್ಟಿಗೆ ನಿಂತು ಹೇಳುವುದು ಆಗದ ಮಾತು.

ಘೋಷಣೆ ಕೂಗಿ ಮನೆಗೆ ಹೋಗುವ ಹೋರಾಟ ಇದಲ್ಲ. ಕಟ್ಟುವ, ನಡೆಸುವ, ಲೆಕ್ಕ ಕೇಳುವ ಹೋರಾಟ. ಹೊಳೆಯಲ್ಲಿ ಮತ್ತೆ ಮಕ್ಕಳು ಈಜುವ ದಿನ ನಾಳೆಯೇ ಬರುವುದಿಲ್ಲ. ಆದರೆ ಸೊಪ್ಪಿನ ಮಡಿಯಲ್ಲಿ ಕೂತ ಆ ಹೆಣ್ಣುಮಗಳು ಮೂಗಿನ ಮೇಲಿನ ಸೆರಗು ತೆಗೆದು ಕೆಲಸ ಮಾಡುವ ದಿನ ನಮ್ಮ ಕಾಲದಲ್ಲೇ ಬರಬೇಕು. ಆ ಒಂದು ಬೆಳಗಿಗಾಗಿ ಬನ್ನಿ.

ಒಂದೇ ಹೊಳೆ! ಒಂದೇ ಹುಂಡಿ! ಒಂದೇ ಲೆಕ್ಕ!

ಇಂತಿ,
ದಕ್ಷಿಣ ಪಿನಾಕಿನಿಯ ಎರಡೂ ದಂಡೆಯ ನಿವಾಸಿಗಳು

ಓದಿದ ಮೇಲೆ ಈ ಕರಪತ್ರವನ್ನು ಇನ್ನೊಬ್ಬರಿಗೆ ಕೊಡಿ. ತಮಿಳು, ತೆಲುಗು ಬಲ್ಲವರು ದಯವಿಟ್ಟು ನೆರೆಯವರಿಗೆ ಓದಿ ಹೇಳಿ. ಚರಂಡಿಗೆ ಎಸೆಯಬೇಡಿ, ಅದೂ ಹೊಳೆಗೇ ಹೋಗುತ್ತದೆ.